ಇಳಿಜಾರಿನ ಬ್ರೇಕು

ಹಿಂದಿನ ವಾರ ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಅಡಿವೆಪ್ಪನ ಟ್ರ್ಯಾಕ್ಟರು ಬೇವಿನ ಮರಕ್ಕೆ ಗುದ್ದಿ ನಿಂತಿತ್ತು. “ನಾನ ಬಿಚ್ಚಿ ಸರಿ ಮಾಡ್ತೀನ್ರಿ, ನಮ್ಮಪ್ಪ ಕಲಿಸ್ಯಾನ” ಎಂದ ಹೆಂಡತಿ ಕಸ್ತೂರೆವ್ವನಿಗೆ ಅವನು ನಟ್ಟು ಬಿಚ್ಚುವ ಪಾನಾ ಮುಟ್ಟಗೊಡಲಿಲ್ಲ. ಶೋರೂಮಿನ ಮೆಕ್ಯಾನಿಕ್ಕೇ ಬರಬೇಕೆಂದು ಹಟ ಹಿಡಿದು, ಅವನಿಗೆ ಫೋನ್ ಮಾಡಿ ಹೇಳಿ, ನಾಲ್ಕು ದಿನ ಪರಊರಿಗೆ ಹೋಗಿದ್ದ.

ಇಂದು ಮತ್ತೆ ಅದೇ ಇಳಿಜಾರು. ಹಿಂದಿನ ಟ್ರೇಲರಿನಲ್ಲಿ ಮೆಣಸಿನಕಾಯಿ ಬಿಡಿಸಿ ಬಂದ ಹನ್ನೊಂದು ಹೆಂಗಸರು ಕೂತಿದ್ದರು, ಪಕ್ಕದ ಮಡ್‌ಗಾರ್ಡಿನ ಮೇಲೆ ಕಸ್ತೂರೆವ್ವ. ಅಡಿವೆಪ್ಪ ಹೆಂಡತಿಯ ಕಡೆ ತಿರುಗಿದ.

“ಬ್ರೇಕ್ ಖರೇನ ಸರಿ ಆಗೇತೇನ?”

“ಆಗೇತ್ರಿ. ನಡೀರಿ.”

ಗಾಡಿ ಇಳಿಯತೊಡಗಿದಂತೆ ಹಿಂದಿನ ಭಾರ ನೂಕತೊಡಗಿತು. ಹೆಂಗಸರು ಟ್ರೇಲರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. ತಿರುವಿನಾಚೆ ಕೆರೆಯ ನೀರು ಕಂಡದ್ದೇ ಅಡಿವೆಪ್ಪನ ಕಾಲು ಪೆಡಲಿನಿಂದ ಜಾರಿತು. ದೇವರನ್ನು ನೆನೆದು ಮತ್ತೆ ಒತ್ತಿದ. ದಂಡೆಗೆ ಇನ್ನೆರಡು ಮಾರು ಇರುವಾಗ ಗಾಡಿ ಗಕ್ಕನೆ ನಿಂತಿತು.

ಅವನು ಬೆವರು ಒರೆಸಿಕೊಂಡ. “ನೋಡಿದೇನ, ಶೋರೂಮಿನ ಕೈ ಅಂದ್ರ ಹಿಂಗ. ನೀ ಮುಟ್ಟಿದ್ರ ಇವತ್ತ ಎಲ್ಲಾರೂ ಕೆರಿ ಪಾಲ ಆಗ್ತಿದ್ವಿ!”

“ಆ ಮೆಕ್ಯಾನಿಕ್ ಮುಂಜಾನೆ ಫೋನ್ ಮಾಡಿದ್ದರಿ,” ಎಂದಳು ಕಸ್ತೂರೆವ್ವ. “ಈ ವಾರ ಬರಾಕ ಆಗಲಿಲ್ಲಂತ, ನಾಳಿ ಬರ್ತಾನಂತ.”