ಹಂಚಿಕೊಂಡ ಉರಿ

ಆಸ್ಪತ್ರೆಗಳ ಸಾಫ್ಟ್‌ವೇರ್ ಬರೆಯುವ ಆ ತಂಡದಲ್ಲಿ ಭದ್ರತೆಯ ಬಳೆ ಪದ್ಮಾಕ್ಷಿಯ ಕೈಯಲ್ಲಿತ್ತು. ಹೆಂಗಸಿನ ಕೈಗೇ ಒಪ್ಪುತ್ತದೆ ಅಂತ ನಗಾಡುತ್ತಾ ತೊಡಿಸಿದ್ದರು. ಎಲ್ಲ ತಂಡಗಳಲ್ಲೂ ಹಾಗೇ, ಇಡೀ ತಂಡಕ್ಕೆ ಒಂದೇ ಬಳೆ, ಒಬ್ಬರ ಕೈಗೆ. ರೋಗಿಗಳ ಗುಟ್ಟು ಕದಿಯಲು ಕಳ್ಳರು ಸಾಫ್ಟ್‌ವೇರ್‌ನೊಳಗೆ ನುಗ್ಗಿದರೆ ಬಳೆ ಸುಡುತ್ತದೆ, ಅವರು ನುಗ್ಗಿದ ತೂತು ಮುಚ್ಚುವವರೆಗೂ ಸುಡುತ್ತಲೇ ಇರುತ್ತದೆ. ಅವಳು ಚೀರಿದರೆ ಎಲ್ಲರೂ ಊಟ ಬಿಟ್ಟು ಓಡಿಬರುತ್ತಿದ್ದರು.

"ನಿಮ್ಮೊಬ್ಬರಿಗೇ ಯಾಕೆ ಮೇಡಂ ಈ ಕರ್ಮ? ಭದ್ರತೆ ಎಲ್ಲರ ಹೊಣೆ," ಎಂದ ಹೊಸ ಮ್ಯಾನೇಜರ್ ಚಿದಾನಂದ. ತಂಡದ ಇಪ್ಪತ್ತೂ ಜನರಿಗೆ ಬಳೆ ತರಿಸಿ ಉರಿಯನ್ನು ಸಮನಾಗಿ ಹಂಚಿದ. ಪದ್ಮಾಕ್ಷಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಅವಳ ಕಷ್ಟ ಕೇಳಿದವನು ಅವನೊಬ್ಬನೇ.

ಗುರುವಾರ ಚಹಾದ ಹೊತ್ತಿಗೆ ಬಳೆ ಸಣ್ಣಗೆ ಚುರುಗುಟ್ಟಿತು. ನೋಡಿದರೆ, ಎಲ್ಲರೂ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದಾರೆ.

"ಯಾರೋ ಒಳಗೆ ನುಗ್ಗಿದ್ದಾರೆ, ನೋಡ್ರಪ್ಪಾ," ಎಂದಳು.

"ಯಾರಾದ್ರೂ ನೋಡ್ತಾರೆ ಬಿಡಿ ಮೇಡಂ," ಎಂದ ಚಿದಾನಂದ, ಚಕ್ಕುಲಿ ಮುರಿಯುತ್ತಾ. "ಇಷ್ಟು ಜನ ಇದ್ದೀವಲ್ಲ."

ಅವಳು ಆ ಚುರುಕನ್ನು ಮನಸ್ಸಿನಲ್ಲೇ ಇಪ್ಪತ್ತು ಪಟ್ಟು ಮಾಡಿ ನೋಡಿದಳು. ಅಂಥ ಉರಿಯನ್ನು ಅವಳ ಕೈ ಎಂದೂ ಕಂಡಿರಲಿಲ್ಲ. ಚೀರಲೆಂದು ಬಾಯಿ ತೆರೆದಳು.

ಚೀರುವಷ್ಟು ನೋವೇ ಇರಲಿಲ್ಲ. ಹಳೆಯ ಸುಟ್ಟ ಕಲೆಯನ್ನು ಕೆರೆದುಕೊಂಡು, ಚಹಾ ಎತ್ತಿಕೊಂಡಳು.