ಭದ್ರವಾದ ಕೀ

ಊರಿಗೆಲ್ಲ ಬುದ್ಧಿ ಹೇಳಿಯೇ ನಿವೃತ್ತರಾಗಿದ್ದ ಪ್ರಾಂಶುಪಾಲ ಶಂಭುಲಿಂಗಪ್ಪನವರು, ತಮ್ಮ ಹೊಸ ಕಾರು ಕಳವಾಗಿದೆ ಎಂದು ದೂರು ಕೊಡಲು ಠಾಣೆಗೆ ಬಂದರು.

"ರಿಮೋಟ್ ಕೀ ಎಲ್ಲಿಟ್ಟಿದ್ರಿ ಸಾರ್?" ಎಂದರು ಇನ್‌ಸ್ಪೆಕ್ಟರ್. "ಈಗಿನ ಕಳ್ಳರು ಗೋಡೆ ಆಚೆ ನಿಂತೇ ಅದರ ಸಿಗ್ನಲ್ ಕದ್ದು ಕಾರು ಓಡಿಸ್ತಾರೆ."

"ಅಷ್ಟೂ ಗೊತ್ತಿಲ್ವೇನ್ರೀ ನನಗೆ? ಅಲ್ಯೂಮಿನಿಯಂ ಹಾಳೆ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಬೀರುವಿನಲ್ಲಿ ಇಡ್ತಿದ್ದೆ. ಸಿಗ್ನಲ್ ಹೊರಗೆ ಹೋಗೋ ಮಾತೇ ಇಲ್ಲ!"

"ಹಾಗಾದ್ರೆ ಗಾಜು ಒಡೆದ್ರಾ?"

"ಇಲ್ಲ."

"ಲಾರಿಗೆ ಕಟ್ಟಿ ಎಳ್ಕೊಂಡು ಹೋದ್ರಾ?"

"ಇಲ್ಲ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ಮತ್ತೆ ಹೇಗೆ ಹೋಯ್ತು ಸಾರ್?"

ಪ್ರಾಂಶುಪಾಲರು ಸುತ್ತ ನೋಡಿ ದನಿ ತಗ್ಗಿಸಿದರು.

"ನಿನ್ನೆ ಬೆಳಿಗ್ಗೆ ಇಬ್ಬರು ಬಂದಿದ್ರು. ಕಳ್ಳರು ಮುಟ್ಟದ ಹಾಗೆ ಕಾರಿಗೆ ಯಂತ್ರ ಕೂರಿಸಿ ಸಂಜೆಗೆ ತಂದ್ಕೊಡ್ತೀವಿ ಅಂದ್ರು. ಕಾಫಿ ಕುಡಿಸಿ, ಕೀ ಕೊಟ್ಟು ಕಳಿಸಿದೆ."