ಎತ್ತಿದ ಕೈ

"ಹಾಗಾದ್ರೆ ಸರ್ಕಾರವೇ ಬೇಡ ಅಂತೀರಾ ಮಾಸ್ಟ್ರೇ?"

"ಬೇಡ ಗೌಡ್ರೇ. ಮನುಷ್ಯನನ್ನು ಮನುಷ್ಯ ಆಳುದೇ ಬೇಡ," ಎಂದರು ಚೆನ್ನಕೇಶವ ಮಾಸ್ಟ್ರು.

ರಾಮಕುಂಜದ ರಸ್ತೆ ಬದಿಯಲ್ಲಿ ಸಮದ್‌ನ ಹೊಲಿಗೆ ಅಂಗಡಿ. ಶನಿವಾರ ಮಧ್ಯಾಹ್ನ ಅಲ್ಲಿ ಪತ್ರಿಕೆ ಓದುವುದು, ಚರ್ಚೆ ಮಾಡುವುದು ವಾಡಿಕೆ. ೧೯೫೭ರ ಬೇಸಿಗೆ ರಜೆಯಲ್ಲಿ ಮಾಸ್ಟ್ರು ಭೂದಾನದ ಪಾದಯಾತ್ರೆಗೆ ಹೋಗಿ ಹದಿನೈದು ದಿನ ನಡೆದು ಬಂದಿದ್ದರು. ಅಂದಿನಿಂದ ಅವರ ಬಾಯಲ್ಲಿ ಅರಾಜಕವಾದದ್ದೇ ಮಾತು. ಅದು ದೊಂಬಿಯಲ್ಲ, ಯಾರಿಗೂ ಯಾರ ಹೆದರಿಕೆಯೂ ಇಲ್ಲದೆ ಜನ ತಾವೇ ಕೂಡಿ ಬಾಳುವ ದಾರಿ ಎನ್ನುತ್ತಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಅಚ್ಚುತ ಗೌಡರಿಗೆ ಇದು ಹಿಡಿಸುತ್ತಿರಲಿಲ್ಲ.

"ಠಾಣೆ ಇಲ್ಲದಿದ್ರೆ ಬಲ ಇದ್ದವ ಇಲ್ಲದವನನ್ನು ತಿಂದು ಹಾಕ್ತಾನೆ."

"ಈಗ ಠಾಣೆ ಉಂಟಲ್ಲ. ತಿನ್ನುದಿಲ್ವ?"

ಸಮದ್ ಮಿಷನ್ ತುಳಿಯುತ್ತಲೇ, "ಹತ್ತು ಜನ ಹತ್ತು ಅಳತೆ ಹೇಳಿದ್ರೆ ಅಂಗಿ ಆಗುದಿಲ್ಲ ಮಾರಾಯ್ರೆ," ಎಂದು ನಕ್ಕ. ಗೌಡರು ಯಾವುದೋ ಸುದ್ದಿ ತೋರಿಸಲೆಂದು ಪತ್ರಿಕೆಯೊಳಗೆ ಮುಖ ಹುದುಗಿಸಿದ್ದರು. ಆಗ ಮೆಟ್ಟಿಲ ಬಳಿ ಯಾರೋ "ಮಾಸ್ಟ್ರೇ, ಮಾಸ್ಟ್ರೇ" ಎಂದು ಏದುಸಿರಲ್ಲಿ ಕರೆದರು. ಮಾತಿನ ಭರದಲ್ಲಿದ್ದ ಮಾಸ್ಟ್ರು ತಿರುಗಿ ನೋಡದೆಯೇ ಕೈ ಎತ್ತಿ, "ನಂಬಿಕೆ ಒಂದಿದ್ರೆ ಬೀಗವೂ ಬೇಡ, ಲಾಠಿಯೂ ಬೇಡ" ಎಂದು ಮುಂದುವರಿಸಿದರು.

ಚರ್ಚೆ ಮುಗಿಸಿ ಹೊರಗೆ ಬಂದಾಗ ಗೋಡೆಗೆ ಒರಗಿಸಿದ್ದ ಮಾಸ್ಟ್ರ ಸೈಕಲ್ ಇರಲಿಲ್ಲ. ಮರ ಕೊಯ್ಯುವ ದುಗ್ಗಪ್ಪ ಅದನ್ನು ತಳ್ಳಿಕೊಂಡು ಗುಡ್ಡೆ ಕಡೆ ಓಡಿದ್ದನ್ನು ಎದುರಿನ ಹೋಟೆಲಿನ ಸೀತು ನೋಡಿದ್ದಳು. ಮರುದಿನ ಬೆಳಿಗ್ಗೆ ಮಾಸ್ಟ್ರೂ ಗೌಡರೂ ಅವನ ಮನೆಗೆ ಹೋದರೆ ಬಾಗಿಲು ಮುಚ್ಚಿತ್ತು.

"ಇನ್ನೆರಡು ದಿನ ಕಾಯುವ," ಎಂದರು ಗೌಡರು. "ಠಾಣೆಗೆ ಹೋಗ್ಬೇಡಿ. ಇಪ್ಪತ್ತೆಂಟು ವರ್ಷ ಅದರ ಒಳಗಿದ್ದವ ನಾನು."

"ಠಾಣೆ ಬೇಕು ಅಂದವರು ನೀವೇ ಅಲ್ವ?"

"ಬೇಕು. ಆದರೆ ಬಡವನ ಮೇಲೆ ದೂರು ಬರೆಯುವಾಗ ಕೈ ನಡುಗ್ಬೇಕು ಮಾಸ್ಟ್ರೇ."

ಮಾಸ್ಟ್ರ ಕೈ ನಡುಗಲಿಲ್ಲ. 'ದುಗ್ಗಪ್ಪನೆಂಬವನ ಮೇಲೆ ಸರಕಾರವು ತಕ್ಕ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂದೇ ಠಾಣೆಗೆ ಕೊಟ್ಟು ಬಂದರು.

ಸೋಮವಾರ ಸಂಜೆ ಠಾಣೆಯಿಂದ ಕರೆ ಬಂತು. ಗೌಡರೂ ಜೊತೆಗೆ ಹೊರಟರು. ಸೈಕಲ್ ಜಗಲಿಯ ಮೇಲಿತ್ತು, ಒರಸಿ ಇಟ್ಟ ಹಾಗೆ. ಒಳಗೆ ಮೂಲೆಯಲ್ಲಿ ದುಗ್ಗಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಗರಗಸ ಹಿಡಿಯುವ ಬಲಗೈಯ ಬೆರಳುಗಳು ಊದಿಕೊಂಡಿದ್ದವು.

ಅವನು ನಿಧಾನವಾಗಿ ಹೇಳಿದ. ಗುಡ್ಡೆಯಲ್ಲಿ ಮರ ಉರುಳಿ, ಜೊತೆಗೆ ಕೊಯ್ಯುತ್ತಿದ್ದ ರವೂಫ್‌ನ ಕಾಲು ಅದರಡಿ ಸಿಕ್ಕಿತ್ತು. ಅವನನ್ನು ಕ್ಯಾರಿಯರಿನಲ್ಲಿ ಕೂರಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಪುತ್ತೂರಿನ ಆಸ್ಪತ್ರೆಯವರೆಗೂ ತಳ್ಳಿಕೊಂಡು ಹೋಗಿದ್ದ. ಮರುದಿನ ರವೂಫ್‌ನ ಅಣ್ಣ ಬಂದ ಮೇಲೆ ಹಿಂದಕ್ಕೂ ತಳ್ಳಿಕೊಂಡೇ ಬಂದ. ದುಗ್ಗಪ್ಪನಿಗೆ ಸೈಕಲ್ ಬಿಡಲು ಬರುತ್ತಿರಲಿಲ್ಲ. ಪೊಲೀಸರು ಹಿಡಿದಾಗ ಮಾಸ್ಟ್ರ ಮನೆ ಒಂದು ಮೈಲಿ ದೂರವಿತ್ತು.

"ಹೇಳಿ ತಗೊಂಡು ಹೋಗ್ಲಿಕ್ಕೆ ಎಂತ ಆಗಿತ್ತು?" ಮಾಸ್ಟ್ರ ದನಿ ಇನ್ನೂ ತರಗತಿಯಲ್ಲಿದ್ದಂತೆ ಗಟ್ಟಿಯಾಗಿತ್ತು.

"ಎರಡು ಸಲ ಕರ್ದೆ ಮಾಸ್ಟ್ರೇ. ನೀವು ಕೈ ಎತ್ತಿದ್ರಿ. ತಗೊಂಡು ಹೋಗು ಅಂತ ಹೇಳಿದ್ದು ಅಂತ ಗ್ರೇಶಿದೆ."

ಮೇಜಿನ ಹಿಂದಿದ್ದ ಪೊಲೀಸಿನವ ನಕ್ಕ. "ಬೆಳಿಗ್ಗೆಯಿಂದ ಇದೊಂದೇ ಮಾತು. ಮಾಸ್ಟ್ರು ಕೈ ಎತ್ತಿದ್ದು ಅಂತೆ. ಎಷ್ಟು ಕೊಟ್ರೂ ಬೇರೆ ಹೇಳುದಿಲ್ಲ. ಹೌದಾ ಮಾಸ್ಟ್ರೇ?"

ಎಲ್ಲರೂ ಅವರ ಕಡೆ ನೋಡಿದರು. ಇಲ್ಲ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು, ಮಾಸ್ಟ್ರ ಮಾತನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಒಂದು ಕ್ಷಣ ಆ ಯೋಚನೆ ಬಂದೇ ಬಂತು. ಬಂದದ್ದು ತಿಳಿದು ಅವರ ಕಿವಿ ಬಿಸಿಯಾಯಿತು.

"ಎತ್ತಿದ್ದೆ," ಎಂದರು. ಅದು ಪಕ್ಕದಲ್ಲಿದ್ದ ಗೌಡರಿಗೆ ಮಾತ್ರ ಕೇಳಿಸಿತು.

"ಎಂತ?" ಎಂದ ಪೊಲೀಸಿನವ.

"ಕೈ ಎತ್ತಿದ್ದು ಹೌದು," ಎಂದು ಮಾಸ್ಟ್ರು ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು.

ದೂರು ಹಿಂದಕ್ಕೆ ಪಡೆದು ಸಹಿ ಹಾಕಿದ ಮೇಲೆ ಅವರು ದುಗ್ಗಪ್ಪನ ಹತ್ತಿರ ಹೋಗಿ, "ತಪ್ಪಾಯ್ತು ಮಾರಾಯ. ಬಾ, ಆಸ್ಪತ್ರೆಗೆ ಹೋಗುವ," ಎಂದರು. ಅವನು ಬೇಡವೆಂದು ತಲೆ ಅಲ್ಲಾಡಿಸಿ ಗೋಡೆ ಹಿಡಿದು ಎದ್ದ. ಗೌಡರು ಅವನ ರಟ್ಟೆಗೆ ಕೈ ಕೊಟ್ಟು ಮನೆವರೆಗೆ ನಡೆಸಿಕೊಂಡು ಹೋದರು. ಮಾಸ್ಟ್ರು ಸೈಕಲ್ ಹಿಡಿದುಕೊಂಡು ಬಹಳ ಹೊತ್ತು ಠಾಣೆಯ ಅಂಗಳದಲ್ಲೇ ನಿಂತಿದ್ದರು.

ಮುಂದಿನ ಶನಿವಾರ ಅವರು ಸಮದ್‌ನ ಅಂಗಡಿಗೆ ಹೋಗಲಿಲ್ಲ. ಗೌಡರೇ ಮನೆಗೆ ಬಂದು ಕರೆದರು.

"ಬನ್ನಿ ಮಾಸ್ಟ್ರೇ. ಠಾಣೆಯ ಬಗ್ಗೆ ನೀವು ಹೇಳಿದ್ದು ಪೂರಾ ಸುಳ್ಳೇನಲ್ಲ."

"ಸುಳ್ಳಾಗಿದ್ರೆ ಒಳ್ಳೇದಿತ್ತು ಗೌಡ್ರೇ," ಎಂದರು ಮಾಸ್ಟ್ರು.

ತಿಂಗಳು ಕಳೆದು ದುಗ್ಗಪ್ಪನ ಬೆರಳು ಮಡಚಲು ಬಂದವು. ಒಂದು ಬೆಳಿಗ್ಗೆ ಅವನು ಹೆಗಲಲ್ಲಿ ಗರಗಸ ಹೊತ್ತು ಬರುತ್ತಿದ್ದಾಗ ಎದುರಿನಿಂದ ಮಾಸ್ಟ್ರ ಸೈಕಲ್ ಬಂತು. ದುಗ್ಗಪ್ಪ ರಸ್ತೆ ಬಿಟ್ಟು ಚರಂಡಿಗೆ ಇಳಿದ. ಗರಗಸ ಕೆಳಗಿಟ್ಟ. ತಲೆಯ ಮೇಲಿದ್ದ ಅಡಿಕೆ ಹಾಳೆಯ ಮುಟ್ಟಾಳೆ ತೆಗೆದು ಎದೆಗೆ ಒತ್ತಿ, ತಲೆ ತಗ್ಗಿಸಿ ನಿಂತ. ಊರಿನಲ್ಲಿ ಜನ ಹಾಗೆ ನಿಲ್ಲುತ್ತಿದ್ದದ್ದು ಪಟೇಲರಿಗೆ ಮತ್ತು ಇನ್ಸ್‌ಪೆಕ್ಟರಿಗೆ ಮಾತ್ರ.

ಮಾಸ್ಟ್ರು ಸೈಕಲಿನಿಂದ ಇಳಿದರು.

ದುಗ್ಗಪ್ಪ ಇನ್ನೊಂದು ಹೆಜ್ಜೆ ಹಿಂದೆ ಸರಿದ.